ಎಂಟುನೂರು ರೂಪಾಯಿಯ ಗರ್ಜನೆ

ಎದುರು ಮನೆಯವನು ತನ್ನ ಲಾರಿಯ ಸೈಲೆನ್ಸರ್ ಕಿತ್ತ ದಿನದಿಂದ ನಮ್ಮ ಬೀದಿಯಲ್ಲಿ ಯಾರೂ ಅಲಾರಂ ಇಟ್ಟುಕೊಳ್ಳುವುದಿಲ್ಲ. ತಿಪಟೂರಿನ ಕೊಬ್ಬರಿ ಲೋಡಿಗೆಂದು ಬೆಳಗಿನ ಜಾವ ನಾಲ್ಕೂವರೆಗೆ ಅವನು ಸೆಲ್ಫ್ ಹೊಡೆಯುತ್ತಾನೆ. ಹಾಲಿನವನು, ಬೀದಿನಾಯಿ, ಬೈಪಾಸ್ ಮಾಡಿಸಿಕೊಂಡ ಮೂಲೆಮನೆ ಅಜ್ಜ, ನಮ್ಮ ಅಡುಗೆಮನೆಯ ಸ್ಟ್ಯಾಂಡಿನಲ್ಲಿರುವ ಸ್ಟೀಲ್ ಲೋಟಗಳು, ಎಲ್ಲ ಒಟ್ಟಿಗೆ ಏಳುತ್ತವೆ.

‘ಎಂಜಿನ್ನಿಗೆ ಉಸಿರು ಕಟ್ತಿತ್ತು ಮೇಷ್ಟ್ರೆ, ಫ್ರೀ ಮಾಡ್ದೆ’ ಎಂದ. ಗ್ಯಾರೇಜಿನವನು ಕೇಳಿದ ರೇಟು ಜಾಸ್ತಿಯಾಯಿತಂತೆ. ಹೀಗಾಗಿ ಒಂದು ಭಾನುವಾರ ಮನೆಮುಂದೆಯೇ ಶಸ್ತ್ರಚಿಕಿತ್ಸೆ. ಲಾರಿಗೆ ಜಾಕು ಕೊಟ್ಟು, ನಂಬಿಕೆಗೆ ಎರಡು ಸೈಜುಗಲ್ಲು ಒತ್ತುಕೊಟ್ಟು, ಬಾಡಿಗೆ ವೆಲ್ಡಿಂಗ್ ಸೆಟ್ಟು ತಂದು, ಕಣ್ಣಿಗೆ ಮಗಳ ಕೂಲಿಂಗ್ ಗ್ಲಾಸು ಹಾಕಿಕೊಂಡು ಅಡಿಗೆ ನುಗ್ಗಿದ. ಹೊಸ ಪೈಪಿಗೆ ದುಡ್ಡು ಯಾಕೆ? ಬತ್ತಿದ ಬೋರ್‌ವೆಲ್ಲಿನಿಂದ ಮೇಲೆತ್ತಿದ್ದ ಜಿಐ ಪೈಪು ಹಿತ್ತಲಲ್ಲೇ ಬಿದ್ದಿತ್ತು. ನೀರು ಕೊಡದ ಪೈಪು ಸದ್ದನ್ನಾದರೂ ಕೊಡಲಿ ಎಂದು ಅದನ್ನೇ ಬೆಸೆದ.

ಸಂಜೆಗೆ ಗಡಗಡ ನಡುಕ, ಜ್ವರ. ‘ಲಾರಿ ಮೇಲೆ ಯಾರದೋ ಕಣ್ಣು ಬಿದ್ದೈತೆ’ ಎಂದು ಅವನ ತಾಯಿ ಒಣಮೆಣಸಿನಕಾಯಿ, ಉಪ್ಪು ನೀವಾಳಿಸಿ ಒಲೆಗೆ ಹಾಕಿದರು. ಜಿಐ ಪೈಪಿನ ಮೇಲಿರುವುದು ಸತುವಿನ ಲೇಪ. ವೆಲ್ಡಿಂಗಿನ ಉರಿಗೆ ಅದು ಬಿಳಿ ಹೊಗೆಯಾಗಿ ಮೂಗು ಸೇರಿದರೆ ಕೆಲವೇ ಗಂಟೆಗಳಲ್ಲಿ ಹೀಗೆ ಜ್ವರ ಬರುತ್ತದೆ. ನಾನು ವಿಜ್ಞಾನದ ಮೇಷ್ಟ್ರು, ವಿವರಿಸಿದೆ. ಮಾರನೆಯ ದಿನ ಜ್ವರ ಇಳಿಯಿತು. ಸತುವಿನ ಜ್ವರ ಒಂದೆರಡು ದಿನದಲ್ಲಿ ತಾನಾಗಿಯೇ ಇಳಿಯುವಂಥದ್ದು. ಕೀರ್ತಿ ಮಾತ್ರ ಮೆಣಸಿನಕಾಯಿಗೆ ಹೋಯಿತು.

ಕಿತ್ತೆಸೆದ ಡಬ್ಬಿಯೊಳಗೆ ಏನಿತ್ತು ಎಂದು ಅವನು ನೋಡಿರಲಿಲ್ಲ. ಒಳಗಿರುವುದು ತೂತು ಕೊರೆದ ನಳಿಗೆಗಳು, ಸಣ್ಣ ಸಣ್ಣ ಕೋಣೆಗಳು. ಸದ್ದಿನ ಅಲೆಗಳು ಅಲ್ಲಿ ಗೋಡೆಗೆ ಬಡಿದು, ತಿರುಗಿ ಬಂದು, ಒಂದನ್ನೊಂದು ಹೊಡೆದುಕೊಂಡು ಸುಸ್ತಾಗಿ ಹೊರಬೀಳುತ್ತವೆ. ನಮ್ಮ ಪಂಚಾಯ್ತಿ ಮೀಟಿಂಗಿನ ಹಾಗೇ, ಆದರೆ ಇಲ್ಲಿ ಫಲಿತಾಂಶ ಇರುತ್ತದೆ. ಇವನಿಗೂ ಮೊದಲ ದಿನ ಸದ್ದು ಸ್ವಲ್ಪ ಅತಿಯೆನಿಸಿತು. ಗ್ಲಾಸ್‌ವುಲ್ ತುಂಬಬೇಕೆಂದು ಯಾರೋ ಹೇಳಿದರಂತೆ. ಅದಕ್ಕೂ ದುಡ್ಡು. ಅಂಗಡಿಯಿಂದ ಪಾತ್ರೆ ತಿಕ್ಕುವ ಸ್ಟೀಲ್ ನಾರು ಒಂದು ಡಜನ್ ತಂದು ಪೈಪಿಗೆ ತುರುಕಿದ. ಬಿ.ಎಚ್. ರಸ್ತೆಯಲ್ಲಿ ಮೊದಲ ಸಲ ಆಕ್ಸಿಲರೇಟರ್ ತುಳಿದದ್ದೇ ಹನ್ನೆರಡೂ ಕೆಂಪಗೆ ಕಾದು, ಹಿಂದೆ ಬರುತ್ತಿದ್ದ ಬೈಕಿನವನ ಮುಂದೆ ದೀಪಾವಳಿ ಮಾಡಿದವು.

‘ಪಿಕಪ್ಪು ಹೆಂಗಾಗೈತೆ ಗೊತ್ತಾ!’ ಎನ್ನುತ್ತಾನೆ. ಪಿಕಪ್ಪು ಹೆಚ್ಚಿದ್ದು ಅವನ ಕಿವಿಯಲ್ಲಿ. ಸದ್ದು 10 ಡೆಸಿಬಲ್ ಏರಿತೆಂದರೆ ಅದರ ಶಕ್ತಿ ಹತ್ತು ಪಟ್ಟಾಯಿತೆಂದು ಲೆಕ್ಕ; ಎಂಜಿನ್ನಿನ ಶಕ್ತಿ ಮಾತ್ರ ಇದ್ದಲ್ಲೇ ಇದೆ. ಜೋರಾಗಿ ಕೆಮ್ಮಿದವನೆಲ್ಲ ಪೈಲ್ವಾನನಾಗಿದ್ದರೆ ನಮ್ಮ ಸರ್ಕಾರಿ ಆಸ್ಪತ್ರೆಯಿಂದಲೇ ದಸರಾ ಕುಸ್ತಿಗೆ ತಂಡ ಕಳಿಸಬಹುದಿತ್ತು.

ಪೈಪಿನ ಬಾಯನ್ನು ಅವನು ಎಡಕ್ಕೆ ತಿರುಗಿಸಿದ್ದಾನೆ, ‘ಲುಕ್ಕಿಗೆ’. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹೊಗೆ ಹಿಂದಕ್ಕೋ ಬಲಕ್ಕೋ ಹೋಗಬೇಕು. ಕೆಳಕ್ಕೂ ಕೂಡದು, ಎಡಕ್ಕೂ ಕೂಡದು. ಕಾರಣ ತಿಳಿಯಲು ಮೇಷ್ಟ್ರಾಗಬೇಕಿಲ್ಲ. ನಮ್ಮ ದೇಶದಲ್ಲಿ ಎಡಕ್ಕೆ ಇರುವುದು ಫುಟ್‌ಪಾತು, ಬಸ್‌ಸ್ಟಾಪು, ಹೂ ಮಾರುವವಳು, ಬೆನ್ನಿಗೆ ಚೀಲ ಹಾಕಿಕೊಂಡ ಮಕ್ಕಳು. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಷರಾ ಬರೆದಿದೆ. ನಮ್ಮವನು ಅದನ್ನು ಮಕ್ಕಳ ಮುಖದೆತ್ತರಕ್ಕೆ ಉಚಿತವಾಗಿ ಹಂಚುತ್ತಾನೆ.

ಕಾನೂನೂ ಹೇಳಿನೋಡಿದೆ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದಿನ ಮಿತಿ 45 ಡೆಸಿಬಲ್. ಶಬ್ದ, ಹೊಗೆಯ ನಿಯಮ ಮುರಿದರೆ 2019ರ ತಿದ್ದುಪಡಿಯಂತೆ ಹತ್ತು ಸಾವಿರದವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಗಾಡಿಯನ್ನು ಮನಬಂದಂತೆ ಮಾರ್ಪಡಿಸಿದ್ದಕ್ಕೆ ಒಂದೊಂದು ಮಾರ್ಪಾಡಿಗೂ ಐದು ಸಾವಿರ ಬೇರೆ. ಅವನು ನಕ್ಕ. ‘ಅದೆಲ್ಲ ಬುಲೆಟ್ ಹುಡುಗ್ರಿಗೆ ಮೇಷ್ಟ್ರೆ.’ ನಿಜವೇ. ಬೈಕುಗಳ ಸೈಲೆನ್ಸರನ್ನು ಸಾಲಾಗಿ ರಸ್ತೆಗೆ ಹಾಸಿ ರೋಡ್‌ರೋಲರ್ ಹತ್ತಿಸುವ ಫೋಟೋ ಪೇಪರಿನಲ್ಲಿ ಆಗಾಗ ಬರುತ್ತದೆ. ಆ ರೋಡ್‌ರೋಲರಿನ ಸದ್ದನ್ನು ಯಾರಾದರೂ ಅಳೆದಿದ್ದಾರೆಯೇ ಎಂದು ಮಾತ್ರ ಕೇಳಬಾರದು.

ಹಾಗಾದರೆ ಎಫ್‌ಸಿಗೆ, ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ, ಏನು ಮಾಡುತ್ತೀಯಪ್ಪಾ ಎಂದೆ. ಅಟ್ಟ ತೋರಿಸಿದ. ಗೋಣಿತಾಟಿನಲ್ಲಿ ಸುತ್ತಿದ ಕಂಪನಿ ಸೈಲೆನ್ಸರು ಅಲ್ಲಿ ಉತ್ಸವಮೂರ್ತಿಯ ಹಾಗೆ ಮಲಗಿತ್ತು. ಎಫ್‌ಸಿ ದಿನ ಮಾತ್ರ ಕೆಳಗಿಳಿದು, ಲಾರಿಯನ್ನೇರಿ ಮೆರವಣಿಗೆ ಮುಗಿಸಿ, ಸಂಜೆಗೆ ಮತ್ತೆ ಗರ್ಭಗುಡಿ ಸೇರುತ್ತದೆ. ಅದೇ ಮಾಡೆಲ್ಲಿನ ಲಾರಿ ಇರುವ ಬೇರೆಯವರಿಗೂ ದಿನಕ್ಕೆ ಐನೂರರಂತೆ ಬಾಡಿಗೆಗೆ ಹೋಗುತ್ತದಂತೆ. ಮೌನಕ್ಕೆ ಬೆಲೆ ಇಲ್ಲ ಎಂದವರು ಯಾರು?

ಈ ವಿದ್ಯೆ ಮನೆತನಕ್ಕೂ ಹರಡಿದೆ. ಅವನ ಅಕ್ಕನ ಮಗ ಬಿಎಸ್ 6 ಗಾಡಿ ಕೊಂಡ. ಹೊಗೆಯಲ್ಲಿರುವ ವಿಷವನ್ನು ಮುರಿಯಲು ಅದಕ್ಕೆ ಡೆಫ್ ಎಂಬ ದ್ರವ ತುಂಬಿಸುತ್ತಿರಬೇಕು. ಡಬ್ಬಿಯ ಮೇಲೆ ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ನೀರು ಎಂದು ಓದಿದ ಮಾವನಿಗೆ ಜ್ಞಾನೋದಯವಾಯಿತು: ‘ಸೊಸೈಟೀಲಿ 266 ರೂಪಾಯಿಗೆ ಒಂದು ಮೂಟೆ ಬರ್ತೈತಲ್ಲೋ!’ ರೈತರ ಸಬ್ಸಿಡಿ ಯೂರಿಯಾ ಬೇರೆ ಕಡೆ ಜಾರದಿರಲೆಂದೂ ಸರ್ಕಾರ ಅದಕ್ಕೆ ಬೇವಿನೆಣ್ಣೆ ಸವರಿಸಿರುತ್ತದೆ. ಬೋರಿನ ನೀರಲ್ಲಿ ಕಲಕಿ ಸುರಿದರು. ಎರಡನೇ ದಿನ ಡ್ಯಾಶ್‌ಬೋರ್ಡಿನಲ್ಲಿದ್ದ ದೀಪಗಳೆಲ್ಲ ಹತ್ತಿ, ಗಾಡಿ ಎತ್ತಿನಗಾಡಿಯ ವೇಗಕ್ಕಿಳಿದು, ಕೊನೆಗೆ ಇನ್ನೊಂದು ಗಾಡಿಗೆ ಹಗ್ಗ ಕಟ್ಟಿಸಿಕೊಂಡು ಶೋರೂಮಿಗೆ ಹೋಯಿತು. ಕಳ್ಳರನ್ನು ಹಿಡಿಯಲೆಂದು ಸವರಿದ ಬೇವಿನೆಣ್ಣೆ ಕಡೆಗೂ ಒಬ್ಬನನ್ನು ಹಿಡಿಯಿತು.

ಎದುರು ಮನೆಯವನು ಲೆಕ್ಕದಲ್ಲಿ ಶಿಸ್ತಿನ ಮನುಷ್ಯ. ಡೀಸೆಲ್ ಬರೆದಿಡುವ ಪುಸ್ತಕದಲ್ಲೇ ಬರೆದಿದ್ದ: ವೆಲ್ಡಿಂಗ್ ಸೆಟ್ ಬಾಡಿಗೆ 300, ರಾಡು 140, ನಾರು 120, ಕ್ಲಾಂಪು 240, ಒಟ್ಟು 800. ‘ಇಷ್ಟರಲ್ಲಿ ಮುಗ್ಸಿದೀನಿ ನೋಡಿ’ ಎಂದು ಬೆರಳಿಟ್ಟು ತೋರಿಸಿದ. ಮೂಲೆಮನೆ ಅಜ್ಜನ ನಿದ್ದೆ ಮಾತ್ರೆ, ಹೂವಿನವಳ ಕೆಮ್ಮಿನ ಔಷಧಿ, ಬೈಕಿನವನ ಸುಟ್ಟುಹೋದ ಪ್ಯಾಂಟು ಯಾವ ಸಾಲಿನಲ್ಲೂ ಇರಲಿಲ್ಲ. ಅವೆಲ್ಲ ಅವರವರ ಮನೆಯ ಪುಸ್ತಕದಲ್ಲಿವೆ. ಕಡಿಮೆ ಖರ್ಚಿನಲ್ಲಿ ಮುಗಿಸುವ ಗುಟ್ಟು ಇಷ್ಟೆ: ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಆದರೂ ಪಾಪ, ಅವನಿಗೆ ಸದ್ದಿನ ತೊಂದರೆ ಗೊತ್ತಾಗುವುದಿಲ್ಲ, ಕಿವಿಯೇ ಮಂದವಾಗಿರಬೇಕು ಎಂದುಕೊಂಡಿದ್ದೆ. ಹೋದ ತಿಂಗಳು ಮಗಳು ಬಾಣಂತನಕ್ಕೆ ಬಂದಳು. ಮಗು ಬಂದ ರಾತ್ರಿಯಿಂದ ಲಾರಿ ಮನೆಮುಂದೆ ನಿಲ್ಲುತ್ತಿಲ್ಲ. ಹಿಂದಿನ ಬೀದಿಯ ಕೊನೆಯಲ್ಲಿ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಗೇಟಿನ ಚಿಲಕವನ್ನು ಎರಡು ಬೆರಳಲ್ಲಿ ಎತ್ತಿ ಒಳಗೆ ಬರುತ್ತಾನೆ.

ನಮ್ಮ ಬೀದಿಯವರು ಮತ್ತೆ ಅಲಾರಂ ಇಟ್ಟುಕೊಳ್ಳುತ್ತಿದ್ದೇವೆ. ಹಿಂದಿನ ಬೀದಿಯವರು ಈಗ ಇಡುತ್ತಿಲ್ಲವಂತೆ.