ಬೆಂಡೆತ್ತಿದ ಬೆಂಡು

ಬ್ಯಾಂಕಿನಲ್ಲಿದ್ದ ಕಾಲಕ್ಕೆ ಗಂಗೊಳ್ಳಿ ಕಡೆಯ ಎಷ್ಟೋ ಬೋಟುಗಳಿಗೆ ಸಾಲ ಮಂಜೂರು ಮಾಡಿದವನು ನಾನು. ತಪಾಸಣೆ ಎಂದರೆ ಪ್ಯಾಂಟು ಮಡಚಿ ಹಲಗೆ ಹತ್ತುವುದು, ಮೂಗು ಮುಚ್ಚಿಕೊಂಡು ಎಂಜಿನ್ ನಂಬರು ಬರೆದುಕೊಳ್ಳುವುದು, ಇಳಿಯುವುದು. ಅಷ್ಟಕ್ಕೇ ಬೋಟಿನ ಜಾತಕವೆಲ್ಲ ನನಗೆ ಗೊತ್ತು ಎಂಬ ಭ್ರಮೆ ಹತ್ತಿತ್ತು. ನಿವೃತ್ತಿಯಾದ ವರ್ಷವೇ ನಾನೂ ಭಾವನೂ ಪಾಲು ಹಾಕಿ ಹಳೆಯ ಫೈಬರ್ ಬೋಟೊಂದನ್ನು ಕೊಂಡೆವು. ಸಂಜೆ ಹೊತ್ತು ಪಂಚಗಂಗಾವಳಿಯಲ್ಲಿ ಒಂದು ಸುತ್ತು, ಫ್ಲಾಸ್ಕಿನಲ್ಲಿ ಕಾಫಿ, ಇಷ್ಟೇ ಆಸೆ. ಎಂಜಿನ್ ಹಿಂದುಗಡೆ ನೇತಾಡಬಾರದು, ಹೊಟ್ಟೆಯೊಳಗೇ ಇರಬೇಕು, ಅದೇ ಮರ್ಯಾದೆ ಎಂದವನು ಭಾವ.

ಎರಡನೇ ಮಳೆಗಾಲದ ಹೊತ್ತಿಗೆ ಬೋಟು ಕಪ್ಪು ಹೊಗೆ ಕಾರತೊಡಗಿತು. ಹಿಂದಿನ ಪೈಪಿನಿಂದ ಹೊಗೆಯ ಜೊತೆ ಬುಳುಕ್ ಬುಳುಕ್ ಎಂದು ನೀರು ಚಿಮ್ಮಬೇಕಿತ್ತು. ಅದು ನನ್ನ ವಯಸ್ಸಿನವರ ಹಾಗೆ ನಿಂತು ನಿಂತು ಹನಿಸುತ್ತಿತ್ತು.

ಆಗ ಜೂನ್ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ರಿಪೇರಿಗೆ ಸಾಲುಗಟ್ಟಿರುವ ಆ ದಿನಗಳಲ್ಲಿ ಮೆಕ್ಯಾನಿಕ್ ಸಿಗುವುದೂ ಮದುವೆ ಸೀಸನ್ನಿನಲ್ಲಿ ಅಡುಗೆಭಟ್ಟರು ಸಿಗುವುದೂ ಒಂದೇ. ಕೊನೆಗೂ ಸಿಕ್ಕವನು ಹಿಂದೊಮ್ಮೆ ವರ್ಕ್‌ಶಾಪಿನ ಸಾಲಕ್ಕೆಂದು ನನ್ನ ಮೇಜಿನ ಮುಂದೆ ಕೂತಿದ್ದವನು. ಇನ್ನೊಂದು ಫೋಟೋ, ಇನ್ನೊಂದು ಜೆರಾಕ್ಸು, ಇನ್ನೊಬ್ಬ ಜಾಮೀನುದಾರ ಎಂದು ಅವನನ್ನು ಮೂರು ತಿಂಗಳು ಅಲೆಸಿದ್ದೆನಂತೆ. ನಾನು ಮರೆತಿದ್ದೆ.

ಎಂಜಿನ್ನಿನ ಮೇಲೆ ಬಗ್ಗಿ ನೋಡಿದವನು, "ಹ್ವಾಯ್ ಮ್ಯಾನೇಜ್ರೇ, ಬೆಂಡ್ ಹೋಯ್ತ್" ಎಂದ.

ಬೆಂಡು ಎಂದರೆ ಜಾತ್ರೆಯ ಬೆಂಡು ಬತ್ತಾಸು ಬಿಟ್ಟು ನನಗೆ ಬೇರೆ ಗೊತ್ತಿರಲಿಲ್ಲ. ಇದು ಬೀಡುಕಬ್ಬಿಣದ, ಮೊಣಕೈಯ ಹಾಗೆ ಬಾಗಿದ ಕೊಳವೆ. ಎಂಜಿನ್ನಿನ ಹೊಗೆ 400 ಡಿಗ್ರಿ ದಾಟುವುದುಂಟು. ಬೈಕಿನ ಸೈಲೆನ್ಸರಿಗಾದರೆ ಬೀದಿಯ ಗಾಳಿ ಇದೆ. ಬೋಟಿನ ಹೊಟ್ಟೆಯೊಳಗೆ ಆ ಬಿಸಿಯನ್ನು ಹಾಗೇ ಬಿಟ್ಟರೆ ಮೊದಲು ರಬ್ಬರ್ ಪೈಪು, ಆಮೇಲೆ ನಾವು. ಅದಕ್ಕೇ ಎಂಜಿನ್ ತಣಿಸಿ ಬಂದ ಉಪ್ಪುನೀರನ್ನು ಈ ಬೆಂಡಿನಲ್ಲಿ ಹೊಗೆಗೆ ಗಂಟು ಹಾಕಿ ಇಬ್ಬರನ್ನೂ ಒಟ್ಟಿಗೆ ಹೊರಗೆ ಕಳಿಸುತ್ತಾರೆ. ದಂಪತಿಗಳು ಆರಾಮಾಗಿ ಹೋದರು, ಹಾಳಾದದ್ದು ಮದುವೆಮನೆ. ಕಡಲ ನೀರಿನ ಒಂದೊಂದು ಲೀಟರಿನಲ್ಲೂ ಸುಮಾರು 35 ಗ್ರಾಂ ಉಪ್ಪು. ಮೇಲಿಂದ ಬೆಂಕಿಯಂಥ ಬಿಸಿ. ಸಾಲದ್ದಕ್ಕೆ ಡೀಸೆಲಿನ ಗಂಧಕ ನೀರಿಗೆ ಸೇರಿ ಆಮ್ಲ. 2020ರ ಏಪ್ರಿಲಿನಿಂದ ಆ ಗಂಧಕವನ್ನು ಹತ್ತು ಲಕ್ಷಕ್ಕೆ 10 ಪಾಲಿಗೆ ಇಳಿಸಿದ್ದಾರೆ, ನಿಜ. ನಮ್ಮ ಬೆಂಡು ಅದಕ್ಕೂ ಎಷ್ಟೋ ಮೊದಲು ಹುಟ್ಟಿದ್ದು.

ಬಿಚ್ಚುವುದಕ್ಕೆ ನಾಲ್ಕೇ ನಟ್ಟು. ಹಿಂದಿನ ರಾತ್ರಿಯೇ ಡೀಸೆಲಿನಲ್ಲಿ ನೆನೆಸಿಟ್ಟಿದ್ದರಿಂದ ಮೂರು ಸಭ್ಯರಂತೆ ಬಂದವು. ನಾಲ್ಕನೆಯದಕ್ಕೆ ಭಾವ, "ತಡಿ, ನಾನು ತಿರುಗಿಸ್ತೇನೆ" ಎಂದು ಪಾನ ಇಸಕೊಂಡ. ಟಕ್ ಎಂದಿತು. ನಟ್ಟು ಸಡಿಲಾಯಿತೆಂದು ಅವನು ಹಿಗ್ಗಿದ. ಮುರಿದದ್ದು ಸ್ಟಡ್ಡು. ಉಳಿದ ಮೋಟಿನ ಮೇಲೆ ಹೊಸ ನಟ್ಟು ಕೂರಿಸಿ, ವೆಲ್ಡ್ ಮಾಡಿ, ಅದು ಇನ್ನೂ ಬಿಸಿ ಇರುವಾಗಲೇ ಹಿಂದೆಮುಂದೆ ಆಡಿಸಿ ಹೊರತೆಗೆಯಲು ಒಂದು ಮಧ್ಯಾಹ್ನ ಬೇಕಾಯಿತು. ಭಾವ ಅಷ್ಟೂ ಹೊತ್ತು ಕೊಡೆ ಹಿಡಿದು ಪ್ರಾಯಶ್ಚಿತ್ತ ಮಾಡಿಕೊಂಡ.

ಕೈಗೆ ಬಂದ ಬೆಂಡನ್ನು ನೋಡಿದೆ. ಹೊರಗಡೆ ಹಸಿರು ಬಣ್ಣ ಸ್ವಲ್ಪವೂ ಮಾಸಿಲ್ಲ. ಒಳಗೆ ಮಸಿ, ಉಪ್ಪು, ತುಕ್ಕು ಹೆಪ್ಪುಗಟ್ಟಿ ಕಿರುಬೆರಳೂ ಹೋಗದಷ್ಟು ಕಿಂಡಿ. ಮೆಕ್ಯಾನಿಕ್ ಸ್ಕ್ರೂಡ್ರೈವರಿನಿಂದ ಮೆತ್ತಗೆ ಒತ್ತಿದ. ಹಪ್ಪಳ ತೂತಾದ ಹಾಗೆ ಅದು ಈ ಕಡೆ ಬಂತು. ಮೂವತ್ತು ವರ್ಷ ಕಾಗದದ ಮೇಲೆ ಸವಕಳಿ ಕಳೆದವನು ನಾನು. ಸವಕಳಿಯನ್ನು ಕೈಯಲ್ಲಿ ಹಿಡಿದದ್ದು ಅಂದೇ ಮೊದಲು. ಹಿಡಿದ ಕೂಡಲೇ ಅಂಗೈ ತುಂಬ ಉದುರಿತು.

"ಇನ್ನ್ ಸ್ವಲ್ಪ ದಿನ ಹೀಂಗೇ ಓಡ್ಸಿದ್ರೆ ನೀರ್ ಹಿಂದ್ ಬಂದ್ ಎಂಜಿನ್ ಒಳ್ಗೇ ಹೋತಿತ್ತ್" ಎಂದ. ನೀರು ಅದುಮಿದರೆ ಕುಗ್ಗುವ ಜಾತಿಯಲ್ಲ; ಬಾಗುವುದು ಕನೆಕ್ಟಿಂಗ್ ರಾಡು. ಬೋಟು ಕಡಲಲ್ಲಿ ಮುಳುಗಬಹುದೆಂಬ ಹೆದರಿಕೆ ಮೊದಲಿನಿಂದಲೂ ಇತ್ತು. ಕಡಲೇ ಬಂದು ಎಂಜಿನ್ನಿನಲ್ಲಿ ಮುಳುಗುತ್ತದೆಂದು ಯಾರೂ ಹೇಳಿರಲಿಲ್ಲ.

ಆಮೇಲೆ ಶುರುವಾಯಿತು ನನ್ನ ಅಲೆದಾಟ. ಸೋಮವಾರ ಗ್ಯಾಸ್ಕೆಟ್ಟು. ಬುಧವಾರ ರಬ್ಬರ್ ಪೈಪು, ಅದರ ಒಳಪದರ ಹಾವಿನ ಪೊರೆಯಂತೆ ಕಳಚಿತ್ತು. ಗುರುವಾರ ಕ್ಲಿಪ್ಪು, ಒಂದೊಂದು ತುದಿಗೆ ಎರಡೆರಡು. ಶನಿವಾರ ಪಂಪು ಬಿಚ್ಚಿದರೆ ಇಂಪೆಲ್ಲರಿನ ಆರು ರಬ್ಬರ್ ರೆಕ್ಕೆಗಳಲ್ಲಿ ಮೂರು ನಾಪತ್ತೆ. ಅವು ಸಿಕ್ಕಿದ್ದು ಕೂಲರಿನ ಬಾಯಲ್ಲಿ. ಪ್ರತಿ ಸಲವೂ ಅವನದು ಒಂದೇ ಮಾತು: "ಮ್ಯಾನೇಜ್ರೇ, ಇನ್ನೊಂದ್ ಬೇಕಾತ್ತ್." ಈ ರಾಗ ಎಲ್ಲೋ ಕೇಳಿದ್ದೇನಲ್ಲ ಎಂದು ನನಗೆ ಹೊಳೆದದ್ದು ನಾಲ್ಕನೇ ಸಲಕ್ಕೆ. ರಾಗ ನನ್ನದೇ.

ಹೊಸ ಬೆಂಡನ್ನು ಸ್ಟೀಲಿನಲ್ಲಿ ಮಾಡಿಸುವುದೆಂದಾಯಿತು. "ಸ್ಟೀಲಾದರೆ ನಮ್ಮ ಅಡುಗೆಮನೆಯಲ್ಲೇ ಬೇಕಾದಷ್ಟಿದೆಯಲ್ಲ" ಎಂದ ಭಾವ. ಪಾತ್ರೆಗೆ ಸಾಮಾನ್ಯವಾಗಿ 304 ಸಾಕು, ಉಪ್ಪುನೀರಿಗೆ 316 ಬೇಕು, ಅದರಲ್ಲಿ ಮಾಲಿಬ್ಡಿನಮ್ ಇರುತ್ತದೆ ಎಂದು ಲೇತಿನವನು ಬಿಡಿಸಿ ಹೇಳಿದ. ಮಾಲಿಬ್ಡಿನಮ್ ಎಂಬ ಹೆಸರಿಗೇ ಒಂದು ರೇಟು ಇರುತ್ತದೆಂದು ಚೀಟಿ ನೋಡಿದಾಗ ತಿಳಿಯಿತು.

ಜುಲೈ ಕೊನೆಗೆ, ಮಳೆ ಹೊಳವಾದ ಒಂದು ಬೆಳಿಗ್ಗೆ ಎಂಜಿನ್ ಹೊತ್ತಿಸಿದೆವು. ಮೂವರೂ ಬೋಟಿನ ಹಿಂದಕ್ಕೆ ಓಡಿ ಪೈಪನ್ನೇ ನೋಡುತ್ತ ನಿಂತೆವು. ಒಂದು ಕೆಮ್ಮು, ಒಂದು ಮಸಿಯುಗುಳು, ಆಮೇಲೆ ಬುಳುಕ್ ಬುಳುಕ್ ಬುಳುಕ್ ಎಂದು ನೀರು ಚಿಮ್ಮಿತು. ನನಗೆ ಹೊಟ್ಟೆಕಿಚ್ಚಾಯಿತು ಎಂದರೂ ಸುಳ್ಳಲ್ಲ.

ಅವನು ಕೈ ಒರೆಸಿಕೊಂಡು ಚೀಟಿ ಕೊಟ್ಟ. ಮೊತ್ತ ನೋಡಿ ಕಾಫಿ ಗಂಟಲಲ್ಲೇ ನಿಂತಿತು.

"ಅರ್ಧ ಈಗ ಕೊಡ್ತೇನೆ ಮಾರಾಯಾ. ಉಳಿದದ್ದು ಪಿಂಚಣಿ ಬಂದ ಮೇಲೆ, ಆದೀತಾ?"

"ಅಡ್ಡಿಲ್ಲೆ ಮ್ಯಾನೇಜ್ರೇ" ಎಂದು ಜೇಬಿನಿಂದ ಪೆನ್ನು ತೆಗೆದ. "ಜಾಮೀನ್ ಯಾರ್?"

ಭಾವ ಆಗಲೇ ಆಚೆ ತಿರುಗಿ, ಹೊಳೆಯಲ್ಲಿ ಏನನ್ನೋ ಬಹಳ ಗಮನವಿಟ್ಟು ನೋಡುತ್ತಿದ್ದ.