ಅಷ್ಟಾವಧಾನಿಯ ಶರತ್ಕಾಲ

36 ವರ್ಷ ಘಂಟೆಯ ಶಬ್ದಕ್ಕೆ ತರಗತಿಯನ್ನು ಹೊಕ್ಕು, ಘಂಟೆಯ ಶಬ್ದಕ್ಕೇ ಹೊರಬಿದ್ದು, ಕಡೆಕಡೆಗೆ ಮುಖ್ಯೋಪಾಧ್ಯಾಯನೆಂಬ ಹೆಸರಿನಿಂದ ಆ ಘಂಟೆಯನ್ನು ಹೊಡೆಸುವ ಪರಮಾಧಿಕಾರವನ್ನೂ ಅನುಭವಿಸಿ ನಿವೃತ್ತನಾದ ನಾನು, ಘಂಟೆಯಿಲ್ಲದ ಪಾಠಶಾಲೆ ಭೂಮಂಡಲದಲ್ಲಿ ಎಲ್ಲಾದರೂ ಉಂಟೆ ಎಂದು ಯಾರಾದರೂ ಕೇಳಿದ್ದರೆ, ದೇವರಿಲ್ಲದ ಗುಡಿಯುಂಟೆ ಎಂದು ಮರುಪ್ರಶ್ನೆ ಹಾಕಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಮಗಳ ಮನೆಯಲ್ಲಿ ಆರು ತಿಂಗಳು ಇದ್ದುಬರೋಣವೆಂದು ಅಮೆರಿಕದ ಪಿಟ್ಸ್‌ಬರ್ಗಿಗೆ ಹೋದಾಗ ನೋಡುತ್ತೇನೆ, ಅಂಥ ಶಾಲೆ ಅವಳ ಪಕ್ಕದ ಮನೆಯಲ್ಲೇ ನಡೆಯುತ್ತಿದೆ. ವಿದ್ಯಾರ್ಥಿಗಳು ಐವರು, ಉಪಾಧ್ಯಾಯಿನಿ ಒಬ್ಬಳು; ಐವರೂ ಆಕೆ ಹೆತ್ತ ಮಕ್ಕಳೇ.

ಈಕೆಯನ್ನು ಒಬ್ಬ ವ್ಯಕ್ತಿಯೆಂದು ಭಾವಿಸತಕ್ಕದ್ದಲ್ಲ, ಇದೊಂದು ವರ್ಗ. ಆ ದೇಶದ ಯಾವುದೇ ಸಣ್ಣ ಊರಿನ ಚರ್ಚಿನ ಮುಂದೆ 12 ಆಸನಗಳ ವ್ಯಾನೊಂದು ನಿಂತಿದ್ದು, ಅದರ ನೆಲದಲ್ಲಿ ಬಿಸ್ಕತ್ತಿನ ಪುಡಿ, ಲ್ಯಾಟಿನ್ ವ್ಯಾಕರಣ, ಕ್ರಿಸ್‌ಮಸ್ ನಾಟಕದ ಕುರಿಯ ಮುಖವಾಡ, ಜೊತೆ ತಪ್ಪಿದ ಒಂಟಿ ಬೂಟು ಇವಿಷ್ಟೂ ಕಂಡರೆ, ಅದರ ಒಡತಿ ಈ ವರ್ಗದವಳೆಂದು ಕಣ್ಣು ಮುಚ್ಚಿಕೊಂಡು ಹೇಳಬಹುದು. ಮೊಣಕಾಲಿನಿಂದ ಕೆಳಗಿಳಿದ ಜೀನ್ಸ್ ಬಟ್ಟೆಯ ಲಂಗ, ಕಂಕುಳಲ್ಲಿ ಕೂಸು, ಕೈಯಲ್ಲಿ ಬಿಸಿ ಪಾತ್ರೆ, ಮುಖದಲ್ಲಿ ನಾಲ್ಕು ದಿನದ ನಿದ್ದೆಯ ಬಾಕಿ, ಆದರೂ ಮಾಸದ ಮಂದಹಾಸ: ಇವು ಮಿಕ್ಕ ಲಕ್ಷಣಗಳು.

ಮನೆಪಾಠವೆಂದರೆ ಹೇಳುವವರು ಕೇಳುವವರಿಲ್ಲದ ವ್ಯವಹಾರವೆಂದು ನಾನು ಎಣಿಸಿದ್ದುದು ತಪ್ಪಾಯಿತು. ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ ಇದಕ್ಕೆ 1988ರ ಶಾಸನವೊಂದಿದೆ. ತಾಯಿಯಾದವಳು ಆಗಸ್ಟ್ 1ರೊಳಗೆ ಅಫಿಡವಿಟ್ಟು ಸಲ್ಲಿಸಬೇಕು. ವರ್ಷಕ್ಕೆ 180 ದಿನ, ಇಲ್ಲವೇ ಚಿಕ್ಕ ಮಕ್ಕಳಿಗೆ 900, ದೊಡ್ಡವರಿಗೆ 990 ಗಂಟೆಗಳ ಪಾಠ ನಡೆಸಬೇಕು. ಓದಿಸಿದ್ದನ್ನೆಲ್ಲ ಕಾಲಾನುಕ್ರಮದಲ್ಲಿ ದಾಖಲೆಗೆ ಏರಿಸಿ, ವರ್ಷಾಂತ್ಯಕ್ಕೆ ಅರ್ಹ ಪರೀಕ್ಷಕರ ಮುಂದೆ ಇಡಬೇಕು. ಇಂಗ್ಲಿಷು, ಅಂಕಗಣಿತ, ಭೂಗೋಳ, ಪೌರನೀತಿಗಳ ಜೊತೆಗೆ, ಬೆಂಕಿಯ ಅಪಾಯ ಮತ್ತು ಅದರ ನಿವಾರಣೆ ಎಂಬ ವಿಷಯವನ್ನೂ ತಪ್ಪದೆ ಬೋಧಿಸಬೇಕೆಂದು ಶಾಸನಕರ್ತರು ಬರೆದಿಟ್ಟಿದ್ದಾರೆ.

ನಾನು ಆ ಮನೆಯೊಳಕ್ಕೆ ಮೊದಲು ಕಾಲಿಟ್ಟ ದಿನ ಅಡುಗೆಮನೆಯ ತುಂಬ ಹೊಗೆ. ಚರ್ಚಿನ ಸಂತರ್ಪಣೆಗೆಂದು ಓವನ್ನಿನಲ್ಲಿಟ್ಟ ಆ್ಯಪಲ್ ಪೈ ಕರಿಕಲಾಗಿ, ಸೂರಿನಲ್ಲಿದ್ದ ಹೊಗೆಯ ಅಲಾರಮ್ಮು ಕರ್ಕಶವಾಗಿ ಅರಚುತ್ತಿತ್ತು. ಆ ಪಾಠಶಾಲೆಯಲ್ಲಿ ನಾನು ಕೇಳಿದ ಏಕಮಾತ್ರ ಘಂಟೆ ಅದೇ. ಆಕೆ ಲೇಶವೂ ವಿಚಲಿತಳಾಗದೆ, ಒಂದು ಕೈಯಿಂದ ಟವೆಲ್ಲನ್ನು ಬೀಸುತ್ತ, ಹಿರಿಯ ಮಗಳ ಕಡೆ ತಿರುಗಿ, “ಬರೆದುಕೋ: ಅಗ್ನಿಸುರಕ್ಷತೆ, ಅರ್ಧ ಗಂಟೆ” ಎಂದಳು.

ನಮ್ಮ ಸೀಮೆಯಲ್ಲಿ ಅಷ್ಟಾವಧಾನವನ್ನು ನೋಡಿದವರಿಗೆ ಆಕೆಯ ಬೆಳಗಿನ ವೇಳೆಯನ್ನು ವರ್ಣಿಸುವುದು ಸುಲಭ. ಒಲೆಯ ಮೇಲೆ ಸೇಬಿನ ಗೊಜ್ಜಿನ ಶೀಸೆಗಳು ಕುದಿಯುತ್ತಿವೆ. 11 ವರ್ಷದ ಹುಡುಗ ಭಿನ್ನರಾಶಿಯ ಸಮಸ್ಯೆಯೊಡ್ಡಿದ್ದಾನೆ. ಅವನ ತಂಗಿ ಲ್ಯಾಟಿನ್ ವಿಭಕ್ತಿಯಲ್ಲಿ ಸಿಕ್ಕಿಕೊಂಡಿದ್ದಾಳೆ. ಕಿವಿಗೂ ಭುಜಕ್ಕೂ ನಡುವೆ ಪಾದ್ರಿಗಳ ಪತ್ನಿಯ ದೂರವಾಣಿ. ಇಷ್ಟರ ಮಧ್ಯೆ, ಅಪ್ರಸ್ತುತ ಪ್ರಸಂಗದ ಪೃಚ್ಛಕತ್ವವನ್ನು ಹುಟ್ಟಿನಿಂದಲೇ ವಹಿಸಿಕೊಂಡಿದ್ದ ನಾಲ್ಕು ವರ್ಷದ ಪೋರ ಮೇಜಿನ ಕೆಳಗಿನಿಂದ, “ಅಮ್ಮಾ, ನೋಹನ ನಾವೆಯಲ್ಲಿ ಮೀನುಗಳನ್ನು ಎಲ್ಲಿಟ್ಟಿದ್ದರು?” ಎಂದು ಕೇಳುತ್ತಾನೆ. “ಹೊರಗೇ ಇದ್ದವು ಮಗು, ಅವಕ್ಕೆ ಅದು ರಜೆ” ಎಂದು ಆಕೆ ಶೀಸೆಯ ಮುಚ್ಚಳವನ್ನು ತಿರುಗಿಸುತ್ತಲೇ ಹೇಳುತ್ತಾಳೆ. ಇಂಥ ಉತ್ತರಕ್ಕೆ ನಮ್ಮ ಸಭೆಯಲ್ಲಾದರೆ ಚಪ್ಪಾಳೆ ಬೀಳುತ್ತಿತ್ತು. ಅಲ್ಲಿ ಕೂಸು ಅತ್ತಿತು.

ಅವಧಾನಿಯನ್ನು ನಿಜವಾಗಿ ಒರೆಗೆ ಹಚ್ಚುವುದು ನಿಷೇಧಾಕ್ಷರಿಯಷ್ಟೆ. ಅಲ್ಲಿ ಪೃಚ್ಛಕನು ಅಕ್ಷರ ಅಕ್ಷರಕ್ಕೂ ತಡೆಯೊಡ್ಡುತ್ತಾನೆ. ಈಕೆಗೆ ನಿಷಿದ್ಧವಾದುದು ಒಂದೇ ಪದ, ‘ಇಲ್ಲ’ ಎಂಬುದು. ಆ ದೌರ್ಬಲ್ಯವನ್ನು ಊರಿಗೆ ಊರೇ ಬಲ್ಲದಾದ್ದರಿಂದ, “ಒಂದು ಸಣ್ಣ ಸಹಾಯ ಆದೀತೆ?” ಎಂಬ ಮಂತ್ರವನ್ನು ಉಚ್ಚರಿಸಿದವರೆಲ್ಲರಿಗೂ ಫಲಸಿದ್ಧಿಯಾಗುತ್ತಿತ್ತು. ಸೆಪ್ಟೆಂಬರಿನಲ್ಲಿ ಸಂಡೇ ಸ್ಕೂಲು. ಬುಧವಾರ ಸಂಜೆ ಮಕ್ಕಳಿಗೆ ಬೈಬಲ್ ವಾಕ್ಯಗಳ ಕಂಠಪಾಠ. ತಿಂಗಳಿಗೆರಡು ಶನಿವಾರ ಬಡವರಿಗೆ ಹಂಚುವ ಡಬ್ಬಿ ಆಹಾರದ ವಿಂಗಡಣೆ. ಹೆರಿಗೆಯಾದವರ ಮನೆಗೆ ರಾತ್ರಿಯೂಟ. ಆಕೆಯ ಹೊರೆಯನ್ನು ಇಳಿಸುವ ಸದುದ್ದೇಶದಿಂದ ಚರ್ಚಿನವರು ಅಕ್ಟೋಬರಿನಲ್ಲಿ ಒಂದು ಸಮಿತಿಯನ್ನೇ ರಚಿಸಿದರು. ಅದಕ್ಕೆ ಕಾರ್ಯದರ್ಶಿಗಳು ಯಾರೂ ದೊರೆಯದೆ ಆ ಪದವಿಯನ್ನೂ ಆಕೆಯೇ ಸ್ವೀಕರಿಸಬೇಕಾಯಿತು.

ನವೆಂಬರು ಬಂದಿತೆಂದರೆ ಬೂಟಿನ ಪೆಟ್ಟಿಗೆಗಳ ಪರ್ವ. ಸಮಾರಿಟನ್ಸ್ ಪರ್ಸ್ ಎಂಬ ಸಂಸ್ಥೆ 1993ರಿಂದ ನಡೆಸಿಕೊಂಡು ಬಂದಿರುವ ಏರ್ಪಾಡು ಇದು. ಬೂಟಿನ ಖಾಲಿ ಪೆಟ್ಟಿಗೆಯಲ್ಲಿ ಆಟದ ಸಾಮಾನು, ಪೆನ್ಸಿಲು, ಸೋಪುಗಳನ್ನು ತುಂಬಿ ದೂರದೇಶದ ಮಕ್ಕಳಿಗೆ ಕ್ರಿಸ್‌ಮಸ್ ಕಾಣಿಕೆಯಾಗಿ ಕಳುಹಿಸುತ್ತಾರೆ. ನವೆಂಬರಿನ ಮೂರನೆಯ ವಾರದಲ್ಲಿ ದೇಶಾದ್ಯಂತ ಅವುಗಳ ಸಂಗ್ರಹಣೆ. ಸಿಹಿತಿಂಡಿಯನ್ನಾಗಲಿ ಟೂತ್‌ಪೇಸ್ಟನ್ನಾಗಲಿ ಇಡಕೂಡದು. ಆ ಮನೆಯ ನಡುಮನೆಯಲ್ಲಿ ಚಾವಣಿ ಮುಟ್ಟುವಂತೆ ಪೆಟ್ಟಿಗೆಗಳು ಪೇರಿದುವು. ಅವುಗಳ ಅಳತೆ ಘನಫಲವಾಯಿತು, ವಿಳಾಸ ಭೂಗೋಳವಾಯಿತು, ಒಳಗಿಡುವ ಓಲೆ ಕಾಪಿಬರಹವಾಯಿತು. ಒಂದು ಪೆಟ್ಟಿಗೆ ಮಾತ್ರ ವಿಪರೀತ ತೂಕವಾಗಿರಲು ತೆರೆದು ನೋಡಿದರೆ, ಒಳಗೆ ನಾಲ್ಕು ವರ್ಷದವನ ಎಡಗಾಲಿನ ಬೂಟು. “ಬೂಟಿನ ಪೆಟ್ಟಿಗೆಯಲ್ಲಿ ಬೂಟು ಬೇಡವೆ?” ಎಂದು ಅವನು ಕೇಳಿದ ಪ್ರಶ್ನೆಗೆ ಅವಧಾನಿಯೂ ನಿರುತ್ತರಳಾದಳು. ವ್ಯಾನಿನಲ್ಲಿ ಬಿದ್ದಿದ್ದ ಒಂಟಿ ಬೂಟಿನ ರಹಸ್ಯ ನನಗೆ ಹೊಳೆದುದು ಆಗ.

ಗೃಹಸ್ಥನ ವಿಚಾರವನ್ನೂ ಹೇಳಬೇಕಷ್ಟೆ. ಆತನು ಮನೆಗಳನ್ನು ಬೆಚ್ಚಗಿಡುವ ಯಂತ್ರಗಳ ರಿಪೇರಿಯವನು. ಮೊದಲನೆಯ ಹಿಮ ಬೀಳುವ ರಾತ್ರಿಯೇ ಊರಿನವರಿಗೆಲ್ಲ ಆತನ ನೆನಪಾಗುತ್ತದೆ. ಹೊತ್ತು ಮುಳುಗಿದ ಮೇಲೆ ಮನೆಗೆ ಬಂದು, ತನ್ನ ಕುರ್ಚಿಯಲ್ಲಿ ಪೆಟ್ಟಿಗೆಗಳು ಆಸೀನವಾಗಿರುವುದನ್ನು ಕಂಡು, ಗೋಡೆಗೆ ಒರಗಿ ನಿಂತೇ ಊಟ ಮಾಡಿ, ನಾಟಕಕ್ಕೆ ಬೇಕಾದ ದನದ ಕೊಟ್ಟಿಗೆಗೆ ಮೊಳೆ ಹೊಡೆಯಲು ಹೋಗುತ್ತಿದ್ದನು. ಆ ಋತುವಿನಲ್ಲಿ ಆತನ ಬಾಯಿಂದ ನಾನು ಕೇಳಿದ ಒಂದೇ ಮಾತು, “ಸುತ್ತಿಗೆ ಎಲ್ಲಿ?”

‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂಬ ನಮ್ಮ ಗಾದೆ ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ಸೆಪ್ಟೆಂಬರಿನಲ್ಲಿ ಮೊದಲನೆಯ ಪಾಠದಲ್ಲಿದ್ದ ಲ್ಯಾಟಿನ್ನು ನವೆಂಬರಿನಲ್ಲಿ ಪ್ರಯಾಸದಿಂದ ಎರಡನೆಯದನ್ನು ಮುಟ್ಟಿತ್ತು; ಒಗೆದ ಬಟ್ಟೆಯ ಗುಡ್ಡವನ್ನು ಯಾರೂ ಕರಗಿಸಿದ್ದಿಲ್ಲ; ಅಂಗಳದಲ್ಲಿ ಮೇಪಲ್ ಮರದ ಕೆಂಪು ತರಗೆಲೆ ಮೊಣಕಾಲುದ್ದ. ಆದರೆ ಒಂದು ಶನಿವಾರ ಆ ಹುಡುಗರು, ತಮ್ಮ ಅಂಗಳವನ್ನು ಹಾಗೆಯೇ ಬಿಟ್ಟು, ಬೀದಿಯ ಕೊನೆಯ ಮನೆಯ ಒಂಟಿ ಮುದುಕಿಯ ಅಂಗಳವನ್ನು ಗುಡಿಸುತ್ತಿದ್ದುದನ್ನು ಕಂಡೆ. ಗುಡಿಸಿದ ಮೇಲೆ ಹಿರಿಯವನು ಓಡಿಹೋಗಲಿಲ್ಲ. ಮೆಟ್ಟಿಲ ಮೇಲೆ ಕುಳಿತು, ಆಕೆ ಪ್ರತಿವಾರವೂ ಹೇಳುತ್ತಿದ್ದ ಕಥೆಯನ್ನು ಮೊದಲ ಸಲ ಕೇಳುವವನಂತೆ ಕೇಳಿದನು. ನಾನು 36 ವರ್ಷ, ವರ್ಷಕ್ಕೊಮ್ಮೆಯಾದರೂ, ಮಕ್ಕಳಿಂದ ‘ಪರೋಪಕಾರ’ ಎಂಬ ಪ್ರಬಂಧವನ್ನು ಬರೆಯಿಸಿದ್ದೇನೆ. ಅಂಕಗಳನ್ನೂ ಉದಾರವಾಗಿ ಕೊಟ್ಟಿದ್ದೇನೆ. ಒಬ್ಬನಿಂದಲೂ ಯಾರ ಅಂಗಳವನ್ನೂ ಗುಡಿಸಿಸಿದವನಲ್ಲ. ಗಾದೆಯನ್ನು ನುಂಗಿಕೊಂಡೆ.

ನವೆಂಬರಿನ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಮ್ಮನ್ನೂ ಕರೆದಿದ್ದಳು. ಸಸ್ಯಾಹಾರಿಯಾದ ನನಗಾಗಿ ಕುಂಬಳಕಾಯಿಯ ಪೈ ಬಡಿಸುತ್ತ, “ಒಂದು ಸಣ್ಣ ಸಹಾಯ ಆದೀತೆ?” ಎಂದಳು, ಮಕ್ಕಳಿಗೆ ಭಾರತದ ವಿಷಯ ಒಂದು ಗಂಟೆ ಹೇಳಬೇಕಂತೆ. ನಿವೃತ್ತಿಯಾದಂದಿನಿಂದ ಎಲ್ಲ ಸಂಘ ಸಮಿತಿಗಳಿಗೂ ‘ಇಲ್ಲ’ ಎಂದೇ ಹೇಳುತ್ತ ಬಂದ ನನ್ನ ಬಾಯಿಂದ “ಆಗಲಿ” ಎಂಬ ಮಾತು ಹೇಗೆ ಹೊರಟಿತೋ ತಿಳಿಯೆ. “ಅಪ್ಪಾ, ನಿಮಗೂ ಅಂಟಿತು” ಎಂದು ಮಗಳು ಮೆಲ್ಲಗೆ ನಕ್ಕಳು. ಒಂದು ಗಂಟೆ ಆರು ಗಂಟೆಯಾಯಿತು. ಕಾವೇರಿಯಿಂದ ಆರಂಭವಾದ ಪಾಠ, ಮಕ್ಕಳ ಒತ್ತಾಯದ ಮೇರೆಗೆ, ಆ ಮನೆಯ ಒಲೆಯ ಮೇಲೆ ತಿಳಿಸಾರು ಇಡುವುದರಲ್ಲಿ ಮುಗಿಯಿತು.

ಊರಿಗೆ ಹೊರಡುವ ಹಿಂದಿನ ದಿನ ಹಿರಿಯ ಹುಡುಗಿ ತಮ್ಮ ದಾಖಲೆಯ ಪುಸ್ತಕವನ್ನು ತಂದು ತೋರಿಸಿದಳು. ಡಿಸೆಂಬರಿನ ಪುಟದಲ್ಲಿ ಅವಳ ದುಂಡಾದ ಅಕ್ಷರದಲ್ಲಿ, ‘ಭೂಗೋಳ, 6 ಗಂಟೆ: ನೆರೆಮನೆಯ ಅಜ್ಜ’ ಎಂದಿತ್ತು. ಅದರ ಕೆಳಗಿನ ಸಾಲಿನಲ್ಲಿ, ‘ಅಗ್ನಿಸುರಕ್ಷತೆ, ಅರ್ಧ ಗಂಟೆ: ಅಜ್ಜ ಒಗ್ಗರಣೆ ಹಾಕಿದ್ದು’.