ನಿಮ್ಮ ಪೈ ಚಾರ್ಟಿನ ‘ಇತರೆ’ ಎಷ್ಟು ದಪ್ಪ?

ನಿಜ ಹೇಳಿ, ರಾತ್ರಿ ಹನ್ನೊಂದಾದ್ರೂ ಲ್ಯಾಪ್‌ಟಾಪ್ ಮುಚ್ಚದೆ ಏನ್ ಮಾಡ್ತಿದ್ರಿ? ಮನೆ ಖರ್ಚಿನ ಲೆಕ್ಕ ಅಂತೀರಾ? ಅದು ಆಗ್ಲೇ ಮುಗ್ದಿತ್ತು ಕಣ್ರೀ. ಚಾರ್ಟ್ ಮಾಡೋ ಡೇಟಾರ್ಯಾಪರ್ ತೆಗೆದು, ಹಾಲಿನ ಬಿಲ್ಲಿಗೆ ತಿಳಿನೀಲಿ ಒಪ್ಪುತ್ತೋ ಗಿಣಿಹಸಿರು ಒಪ್ಪುತ್ತೋ ಅಂತ ಕೂತಿದ್ರಿ. (ಮದುವೆ ಸೀರೆಗೂ ಇಷ್ಟು ತಲೆ ಕೆಡಿಸ್ಕೊಂಡಿರ್ಲಿಲ್ವಂತೆ, ಮನೆಯವರೇ ಹೇಳಿದ್ರು.)

ಅದ್ರಲ್ಲೂ ಪೈ ಚಾರ್ಟೇ ಆಗ್ಬೇಕು ನಿಮ್ಗೆ! 1801ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಇದನ್ನ ಅಚ್ಚು ಹಾಕಿಸ್ದಾಗ, ತುರ್ಕಿ ಸಾಮ್ರಾಜ್ಯದ ನೆಲ ಏಷ್ಯಾ, ಯುರೋಪು, ಆಫ್ರಿಕಾದಲ್ಲಿ ಎಷ್ಟೆಷ್ಟು ಅಂತ ಮೂರೇ ಹೋಳು ಮಾಡಿದ್ದ. ಇಡೀ ಸಾಮ್ರಾಜ್ಯಕ್ಕೆ ಮೂರು, ನಿಮ್ಮ ಸಂಸಾರಕ್ಕೆ ಹದಿನಾಲ್ಕು. ಅದ್ರಲ್ಲೂ ಎಲ್ಲಕ್ಕಿಂತ ದಪ್ಪದ್ದು ‘ಇತರೆ’. ಏನ್ರೀ ಅದು? (ಬಿರಿಯಾನಿ ಪಾರ್ಸೆಲ್ ಅಂತ ನಮ್ಗೆ ಗೊತ್ತು, ಬಿಡಿ.)

ಆಮೇಲೆ ಮ್ಯಾಪಿನ ಹುಚ್ಚು ಹತ್ತಿತು. ಜಿಲ್ಲಾವಾರು ಅಂಕಿಗಳ ಫೈಲ್ ಹಾಕಿದ್ದೇ ತಡ, ಬೆಳಗಾವಿ ಬೆಳ್ಳಗೆ! ಕಲಬುರಗಿ, ಶಿವಮೊಗ್ಗಾನೂ ಖಾಲಿ. ಗಡಿ ಗಲಾಟೆ ನೆನಪಾಗಿ ನಿಮ್ಮ ಬಿಪಿ ಏರಿತು. ಅಷ್ಟೆಲ್ಲ ಏನಿಲ್ಲ ಮಾರಾಯ್ರೆ, ನೀವು ಹಾಕಿದ್ದು 2011ರ ಜನಗಣತಿಯ ಮ್ಯಾಪು, ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಆ ಮ್ಯಾಪಿಗೆ ಬೆಳಗಾವಿ ಇನ್ನೂ ಬೆಲ್ಗಾಮೇ, ಹೆಸರು ತಾಳೆ ಆಗ್ಲಿಲ್ಲ ಅಷ್ಟೆ. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಂತೂ ಅದ್ರಲ್ಲಿ ಇಲ್ವೇ ಇಲ್ಲ.

ಹೆಸರು ತಿದ್ದಿದ್ರಿ, ಬಣ್ಣ ಬಂತು. ಬೈಕಿನ ಲೆಕ್ಕ ಹಾಕಿದ್ರಿ, ಬೆಂಗಳೂರು ಕಡುಗೆಂಪು. ಜಿಮ್ಮಿನ ಲೆಕ್ಕ ಹಾಕಿದ್ರಿ, ಮತ್ತೆ ಬೆಂಗಳೂರೇ. ಇನ್ನೇನಾಗುತ್ತೆ? ಅದೇ ಗಣತೀಲಿ ಬೆಂಗಳೂರು ನಗರ ಜಿಲ್ಲೆಗೆ 96 ಲಕ್ಷ ಜನ, ಕೊಡಗಿಗೆ ಐದೂವರೆ ಲಕ್ಷ. ಲಕ್ಷ ಜನಕ್ಕೆ ಎಷ್ಟು ಅಂತ ಭಾಗಿಸಿ ಅಂದ್ರೆ ನಿಮ್ಗೆ ಆಕಳಿಕೆ. (ಭಾಗಾಕಾರಕ್ಕೆ ಬಣ್ಣ ಇಲ್ವಲ್ಲ!)

ಇನ್ನು ಕೆಆರ್‌ಎಸ್ ವಿಷ್ಯ. ಡ್ಯಾಮ್ ತುಂಬಿದ್ರೆ 124.80 ಅಡಿ. ನೀರು ಎರಡಡಿ ಏರಿದ ಖುಷಿಗೆ ಗ್ರಾಫನ್ನ 118ರಿಂದ ಶುರು ಮಾಡಿದ್ರಿ. ಗೆರೆ ನೆಟ್ಟಗೆ ಆಕಾಶಕ್ಕೆ. ಬೇಸಿಗೇಲಿ ಎರಡಡಿ ಇಳೀತು. ‘ನೀರಿಗೇನೂ ತೊಂದ್ರೆ ಇಲ್ಲ, ಸುಮ್ನಿರಪ್ಪ’ ಅಂತ ಭಾವನ ಬಾಯಿ ಮುಚ್ಚಿಸ್ಬೇಕಿತ್ತಲ್ಲ, ಆಗ ಸೊನ್ನೆಯಿಂದ ಶುರು! ಗೆರೆ ತೆಪ್ಪಗೆ ಮಲಗ್ತು. ಒಂದು ಅಂಕಿಯೂ ಸುಳ್ಳಲ್ಲ, ಆದ್ರೂ ಎರಡೂ ಸಲ ನೀವು ಅಂದಿದ್ದೇ ಆಯ್ತು. ಎಂಥಾ ಕಿಲಾಡಿ ರೀ ನೀವು!

2011ರಲ್ಲಿ ಬಂದ, ಕೋಡ್ ಬರೆದು ಚಾರ್ಟ್ ಮಾಡೋ ಡಿ3 ಕಲೀತೀನಿ ಅಂತ ಹೊರಟಿದ್ದೂ ಗೊತ್ತು. ಜಾವಾಸ್ಕ್ರಿಪ್ಟ್ ನೋಡಿದ ಕೂಡ್ಲೇ ಕೋಡ್ ಬೇಡದ ಫ್ಲೋರಿಷ್‌ಗೆ ಓಡಿದ್ದೂ ಗೊತ್ತು.

ಅಲ್ಲಿ ಸಿಕ್ಕಿದ್ದೇ ಬಾರ್ ಚಾರ್ಟ್ ರೇಸ್. ಅಪಾರ್ಟ್‌ಮೆಂಟಲ್ಲಿ ಟ್ಯಾಂಕರ್ ನೀರು ಯಾರು ಹೆಚ್ಚು ಸುರೀತಾರೆ ಅಂತ ತೋರಿಸಿ ಬುದ್ಧಿ ಕಲಿಸೋಣ ಅಂತ ಮೀಟಿಂಗಲ್ಲಿ ಓಡಿಸಿದ್ರಿ. ಪಟ್ಟಿಗಳು ಒಂದನ್ನೊಂದು ಹಿಂದೆ ಹಾಕ್ತಾ ಓಡಿದ್ವು. ಜನ ಕುರ್ಚಿ ತುದೀಲಿ. ಮಾರ್ಚ್ ತಿಂಗಳಿಗೆ 302ನೇ ಮನೆಯವ್ರು ಎಲ್ಲರನ್ನೂ ಹಿಂದೆ ಹಾಕಿದ್ರು ನೋಡಿ, ಹಾಲೆಲ್ಲ ಚಪ್ಪಾಳೆ! ಅವ್ರು ಎದ್ದು ನಿಂತು ಕೈ ಬೇರೆ ಮುಗಿದ್ರು. ನೀವೂ ತಟ್ಟಿದ್ರಿ ತಾನೇ?